ಫಟಫಟಿ ಬಿಟ್ಟ ವರ

ಮೊನ್ನೆ ಮಣಿಕೊಂಡದ ನಮ್ಮ ಮನೆಗೆ ಊಟ ತಂದವನು ಬಾಗಿಲಲ್ಲಿ ನಿಂತು ಹೆಲ್ಮೆಟ್ ತೆಗೆದ. ಬೆವರಲ್ಲಿ ನೆಂದ ಸ್ಪಂಜು, ಕೊಬ್ಬರಿ ಎಣ್ಣೆ, ಬಿಸಿಲಿಗೆ ಕಾದ ರೆಕ್ಸಿನ್... ಎಲ್ಲ ಸೇರಿದ ಒಂದು ವಾಸನೆ. ಬೈಕಿನ ಮೇಲೆ ಬರುವವರು ಲಿಫ್ಟ್ ಹತ್ತಬಾರದೆಂದು ನಮ್ಮ ಅಪಾರ್ಟ್‌ಮೆಂಟಿನ ಮಹನೀಯರು ಬೋರ್ಡು ಹಾಕಿದ್ದಾರೆ. ಪಾಪ, ಮೆಟ್ಟಿಲು ಹತ್ತಿಯೇ ಬಂದಿದ್ದ. ಅವನು ಇಳಿದು ಹೋದ ಮೇಲೂ ನಾನು ಬಾಗಿಲು ಹಾಕದೆ ನಿಂತಿದ್ದೆ. ಆ ವಾಸನೆ ನನಗೆ ಗೊತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಅಕ್ಕನಿಗೆ ನಿಶ್ಚಯವಾಗಿದ್ದ ವರನ ಹೆಲ್ಮೆಟ್ಟಿನ ವಾಸನೆ ಅದು.

ಆಗ ನಾವು ಕಾಚಿಗುಡದಲ್ಲಿದ್ದೆವು. ರಾಯಚೂರು ಕಡೆಯ ಮನೆತನ, ಅಪ್ಪನಿಗೆ ತೆಲುಗು ನಾಡಿನ ರಾಜಧಾನಿಯಲ್ಲಿ ಸರ್ಕಾರಿ ನೌಕರಿ. ಹೊರಗೆ ತೆಲುಗು, ಹಿಂದಿ; ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಕನ್ನಡ. ಅಪ್ಪ ಮನುಷ್ಯರನ್ನು ಗಾಡಿ ನೋಡಿ ಅಳೆಯುತ್ತಿದ್ದರು. ಸೈಕಲ್ಲಿನವನು ಬಡವ, ಸ್ಕೂಟರಿನವನು ಸಂಸಾರಸ್ಥ, ಮೋಟಾರ್ ಸೈಕಲ್ಲಿನವನು ಪೋಕರಿ. ತಪ್ಪು ಪೂರ್ತಿ ಅವರದೂ ಅಲ್ಲ. ಹುಡುಗಿಯರ ಕಾಲೇಜಿನ ಮುಂದೆ ಸೈಲೆನ್ಸರ್ ಕಿತ್ತು ಹಾಕಿ ಸುತ್ತುತ್ತಿದ್ದ ಪಡ್ಡೆಗಳನ್ನು ಅವರು ದಿನಾ ನೋಡುತ್ತಿದ್ದರು.

ಅಂಥ ಮನೆಗೆ ಈ ವರ ಮೋಟಾರ್ ಸೈಕಲ್ ಮೇಲೆಯೇ ಬಂದರು. ತಂದೆ ತಾಯಿ ಆಟೋದಲ್ಲಿ, ಇವರು ಹಿಂದಿನಿಂದ ತಮ್ಮ ಗಾಡಿಯಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದರು. ಮೆಲು ಮಾತು, ಚಂದದ ನಗೆ. ಅವರು ಹೋದ ಮೇಲೆ ಅವ್ವ, "ಹುಡುಗ ಭಾಳ ಛಲೋ ಇದ್ದಾನ್ರಿ" ಎಂದಳು. ಅಪ್ಪ ಹಣೆ ಗಂಟಿಕ್ಕಿದರು. "ಹುಡುಗ ಛಲೋನ ಇದ್ದಾನ. ಆದ್ರ ಫಟಫಟಿ ಮ್ಯಾಲೆ ಕನ್ಯಾ ನೋಡಾಕ ಬರ್ತಾರೇನು?"

ಅಪ್ಪ ನೋಡದ್ದನ್ನು ನಾನು ನೋಡಿದ್ದೆ. ಗಲ್ಲಿಯ ತುದಿಯಲ್ಲೇ ಇಂಜಿನ್ ಆರಿಸಿ, ಆಡುತ್ತಿದ್ದ ಮಕ್ಕಳ ನಡುವೆ ಗಾಡಿ ತಳ್ಳಿಕೊಂಡು ಬಂದಿದ್ದರು. ಆಮೇಲೊಮ್ಮೆ ನನ್ನನ್ನು ಅಬಿಡ್ಸ್‌ಗೆ ಕರೆದುಕೊಂಡು ಹೋದರು. ಹಿಂದೆ ಕೂಡುವವರಿಗೆಂದೇ ಅವರ ಹತ್ತಿರ ಇನ್ನೊಂದು ಹೆಲ್ಮೆಟ್ ಇತ್ತು. ಆ ಕಾಲದಲ್ಲಿ ಅದನ್ನು ಹಾಕಿದವರನ್ನು ಕಂಡರೆ ಜನ ನಗುತ್ತಿದ್ದರು. ಡಿಗ್ರಿ ಓದುವ ಹುಡುಗನಾಗಿದ್ದ ನನಗಂತೂ ನಾಚಿಕೆಯಿಂದ ಸತ್ತು ಹೋಗುವಂತಾಗಿತ್ತು. ನಾರಾಯಣಗುಡದಲ್ಲಿ ಕೆಂಪು ದೀಪ. ಉರಿ ಮಧ್ಯಾಹ್ನ, ರಸ್ತೆ ಖಾಲಿ. "ಯಾರೂ ಇಲ್ಲಲ್ರಿ, ಹೋಗೂಣ್ರಿ" ಎಂದೆ.

"ನಾವ್ ಅದೀವಲ್ಲ" ಎಂದು ಕಾಲೂರಿ ನಿಂತರು.

ನಿಶ್ಚಯದ ದಿನ ತಾಂಬೂಲ ಬದಲಾಗುವ ಮುಂಚೆ ಅಪ್ಪ ಗಂಟಲು ಸರಿ ಮಾಡಿಕೊಂಡರು. "ಎಲ್ಲಾ ಒಪ್ಪೇತಿ. ಒಂದ ಮಾತು ಐತಿ. ಫಟಫಟಿ ಬಿಡಬೇಕು." ವರ ಒಮ್ಮೆ ಬಾಗಿಲ ಬಳಿ ನಿಂತಿದ್ದ ಅಕ್ಕನ ಕಡೆ ನೋಡಿ, "ಬಿಟ್ಟೆ ತಗೋರಿ" ಎಂದು ನಕ್ಕರು. ಆ ವಾರವೇ ಗಾಡಿಯನ್ನೂ ಎರಡೂ ಹೆಲ್ಮೆಟ್ಟುಗಳನ್ನೂ ಗೆಳೆಯನೊಬ್ಬನಿಗೆ ಕೊಟ್ಟುಬಿಟ್ಟರು. ಎಲ್ಲರಿಗೂ ಸಮಾಧಾನವಾಯಿತು, ಅಕ್ಕನೊಬ್ಬಳನ್ನು ಬಿಟ್ಟು. "ಒಂದ್ ಸಲ ಹಿಂದ ಕೂತು ಟ್ಯಾಂಕ್‌ಬಂಡ್ ಕೆರಿ ನೋಡಬೇಕಂತ ಇತ್ತೋ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು.

ಮದುವೆ ಹತ್ತಿರ ಬಂತು. ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರು ಸಿಕಂದರಾಬಾದಿನಲ್ಲಿದ್ದರು. ಅಂಥವರಿಗೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಕೂಡಿಯೇ ಹೋಗಿ ಅಕ್ಷತೆ ಕೊಟ್ಟು ಕರೆಯುವುದು ನಮ್ಮಲ್ಲಿಯ ರೀತಿ. ಅಪ್ಪ ತಮ್ಮ ತಮ್ಮನನ್ನು, ಅಂದರೆ ನಮ್ಮ ಕಾಕಾನನ್ನು, ಸ್ಕೂಟರ್ ಕೊಟ್ಟು ಕಳಿಸಿದರು. ಕಾಕಾ ಇಸ್ತ್ರಿ ಅಂಗಿಯ, ಗಂಧದ ಬೊಟ್ಟಿನ ಮರ್ಯಾದಸ್ಥ. ಗಾಡಿ ಹತ್ತಿದರೆ ಮಾತ್ರ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದ. ಕೆಂಪು ದೀಪ ಅವನ ಪಾಲಿಗೆ ಯಾರೋ ಮಾಡಿದ ಅವಮಾನ. ಆದರೆ ಓಡಿಸುತ್ತಿದ್ದುದು ಸ್ಕೂಟರ್ ನೋಡಿ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ವರ ಮಂಗಳಪತ್ರಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಬರಿದಲೆಯಲ್ಲಿ ಹಿಂದೆ ಕೂತರು. "ಸಾವಕಾಶ ಹೋಗೂಣ್ರಿ" ಎಂದರು. ಕಾಕಾ ಕಿಕ್ ಹೊಡೆಯುತ್ತ ನಕ್ಕ: "ಇದು ಫಟಫಟಿ ಅಲ್ಲಪಾ, ಸಂಸಾರಸ್ತರ ಗಾಡಿ!" ನಾವೂ ನಕ್ಕೆವು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು...

ಟ್ಯಾಂಕ್‌ಬಂಡ್ ಮುಗಿಯುವಲ್ಲಿ ಕಾಕಾ ದೀಪ ಲೆಕ್ಕಿಸದೆ ನುಗ್ಗಿದನಂತೆ. ಅಡ್ಡ ಬಂದ ಬಸ್ಸು ಸ್ಕೂಟರಿನ ಹಿಂಬದಿಗೆ ತಾಗಿತು. ಕಾಕಾನ ಕೈ ಮುರಿಯಿತು. ಇವರ ತಲೆ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ನನಗೆ ಇವತ್ತಿಗೂ ಸಿಟ್ಟು ಬರುವುದು ಜನರ ಮಾತಿಗೆ. ಮಾತಾಡಿಸಲು ಬಂದವರು ಹೋಗುವಾಗ ಗೇಟಿನಲ್ಲಿ ನಿಂತು, "ಮೊದಲಿಂದ ಫಟಫಟಿ ಶೋಕಿ ಇತ್ತಂತಲ್ರಿ, ಹಿಂಗ ಆಗೂದ ಬಿಡ್ರಿ" ಎನ್ನುತ್ತಿದ್ದರು. ಸ್ಕೂಟರಿನ ಹಿಂದೆ ಕೂತು ಸತ್ತವರ ಮೇಲೂ ಮೋಟಾರ್ ಸೈಕಲ್ಲಿನ ಅಪವಾದ! ಫಟಫಟಿ ಬಿಡಿಸಿದ್ದು ತಾವೇ ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಅವರ ಬಾಯಿ ಮುಚ್ಚುತ್ತಿತ್ತು, ಹೇಳಲಿಲ್ಲ.

ವರನ ಮನೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಆ ತಾಯಿ ಅಳುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಾ, "ಬಿಡು ಅಂದ್ರಿ, ಬಿಟ್ಟ. ಇನ್ನ ಏನ್ ಬಿಡಬೇಕಿತ್ರಿ ನನ್ನ ಮಗ?" ಎಂದು ಕೇಳಿದರು. ಅಪ್ಪ ಕೂತಲ್ಲೇ ಕೈಮುಗಿದರು. ವಾಪಸು ಬರುವಾಗ ಆಟೋ ಕರೆದರೂ ಹತ್ತದೆ ಮನೆಯ ತನಕ ನಡೆದೇ ಬಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಮಗನ ಹೆಸರನ್ನು ಯಾರೂ ಎತ್ತಲಿಲ್ಲ.

ಅಕ್ಕನಿಗೆ ಮುಂದೆ ಮದುವೆಯಾಯಿತು. ಒಳ್ಳೆಯ ಗಂಡ, ಗಚ್ಚಿಬೌಲಿಯಲ್ಲಿ ಮನೆ. ಅಪ್ಪ ಹೋದರು, ಕಾಕಾನೂ ಹೋದ. ಮಹಾಲಯ ಅಮಾವಾಸ್ಯೆಗೆ ಅಕ್ಕ ನಮ್ಮ ಮನೆಗೆ ಬಂದು ಅಡುಗೆಗೆ ನಿಲ್ಲುತ್ತಾಳೆ. ನಾನು ಒಬ್ಬೊಬ್ಬರ ಹೆಸರು, ಗೋತ್ರ ಹೇಳಿ ಎಳ್ಳುನೀರು ಬಿಡುತ್ತೇನೆ. ಅಪ್ಪನಿಗೆ ಸಲ್ಲುತ್ತದೆ, ಕಾಕಾನಿಗೂ ಸಲ್ಲುತ್ತದೆ. ಫಟಫಟಿ ಬಿಟ್ಟ ಆ ವರ ತಾಳಿ ಕಟ್ಟಿದ್ದರೆ ಅವರಿಗೂ ಸಲ್ಲುತ್ತಿತ್ತು. ಗೆಳೆಯರೆಂದು ಸೇರಿಸಿಕೊಳ್ಳಬಹುದಂತೆ. ಆದರೆ ಹೆಸರನ್ನು ಗಟ್ಟಿಯಾಗಿ ಹೇಳಬೇಕು.

ಕೊನೆಗೆ ಆಚಾರ್ಯರು ಪ್ರತಿ ವರ್ಷ ಕೇಳುತ್ತಾರೆ: "ಇನ್ನ ಯಾರಾದ್ರೂ ಉಳದಾರೇನ್ರಿ?" ಒಳಗೆ ಅಕ್ಕನ ಕೈಯ ಪಾತ್ರೆಯ ಸದ್ದು ನಿಲ್ಲುತ್ತದೆ. ನಾನು ಕೈಗೆ ಅಂಟಿದ ಎಳ್ಳು ಒರೆಸಿಕೊಂಡು, "ಇಲ್ರಿ" ಎನ್ನುತ್ತೇನೆ.