ಬೆಟ್ಟದ ಕೆಳಗೆ ಮೂರು ಗಂಟೆ

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ವಿಲಾಯತಿಯ ಹೌನ್ಸ್ಲೋದ ನಮ್ಮ ಹಳೆಯ ಫ್ಲ್ಯಾಟ್ ಕಾಣುತ್ತದೆ. ಅಪ್ಪ ಪಾಸ್‌ಪೋರ್ಟುಗಳನ್ನು ಅವ್ವನ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಡುತ್ತಿದ್ದ. ತೆಗೆದಾಗಲೆಲ್ಲ ಅವು ಅದೇ ವಾಸನೆ ಹೊಡೆಯುತ್ತಿದ್ದವು. ಧಾರವಾಡದಿಂದ ಬಂದು ಏರ್‌ಪೋರ್ಟಿನ ಗೋದಾಮಿನಲ್ಲಿ ಕೆಲಸ ಹಿಡಿದಿದ್ದ ಅಪ್ಪನಿಗೆ ಕಾಗದಪತ್ರವೆಂದರೆ ಭಯ. ಸ್ಟಾಂಪು, ಸಹಿ, ತಾರೀಖು ಎಲ್ಲವನ್ನೂ ಬೆರಳಿಟ್ಟು ಓದುತ್ತಿದ್ದ. ಅವ್ವ ಅದನ್ನು ನೋಡಿ ನಗುತ್ತಿದ್ದಳು. ಮನೆಯ ಮೇಲೆ ವಿಮಾನ ಹಾದಾಗ ಅವಳು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಹೋದಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಮನೆಯ ಒಬ್ಬರು ಹೋದಮೇಲೆ ಇಂಥ ಸಣ್ಣ ರೂಢಿಗಳೆಲ್ಲ ಎಲ್ಲಿ ಹೋಗುತ್ತವೆ? ಯಾರನ್ನಾದರೂ ಕಳೆದುಕೊಂಡಿದ್ದರೆ ನೀವೂ ಹೀಗೆ ಕೇಳಿಕೊಂಡಿರುತ್ತೀರಿ.

ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ನಾವು ಮೂವರು ಕೋಚ್ ಬಸ್ಸಿನಲ್ಲಿ ಯುರೋಪ್ ಟೂರ್ ಹೋದೆವು. ನನಗಾಗ ಹತ್ತು ವರ್ಷ. ನಾಲ್ಕನೆಯ ದಿನ ಇಟಲಿಯ ಬಯಲಿನ ಆಚೆ ಒಂದು ಬೆಟ್ಟ ಕಂಡಿತು. ನೆತ್ತಿಯಲ್ಲಿ ಕಲ್ಲಿನ ಹಳೆಯ ಊರು, ಕೋಟೆ, ಗೋಪುರಗಳು. ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಳು. ಕೋಟೆಗೋಡೆಯ ಕೆಳಗೆ ಕೋಚು ನಿಂತಾಗ ಗೈಡು, ಇದು ಸ್ಯಾನ್ ಮರಿನೋ, ಇಟಲಿಯಲ್ಲ, ಬೇರೆಯೇ ದೇಶ, ಮೂರು ಗಂಟೆ ಸಮಯವಿದೆ ಎಂದ. ಎದ್ದಿದ್ದ ಅಪ್ಪ ಮತ್ತೆ ಕೂತುಬಿಟ್ಟ.

"ನಮ್ಮ ವೀಸಾ ಒಂದ ಸಲಕ್ಕ ಐತಿ. ಆ ಗ್ವಾಡಿ ದಾಟಿ ಬ್ಯಾರೆ ದೇಶಕ್ಕ ಹೋದ್ರ ಹೊಳ್ಳಿ ಇಟಲಿಗೆ ಬಿಡಂಗಿಲ್ಲ."

"ಎಲ್ಲಾರೂ ಹೊಂಟಾರಲ್ರೀ," ಎಂದಳು ಅವ್ವ.

"ಅವರವು ಕೆಂಪು ಪಾಸ್‌ಪೋರ್ಟು, ವೀಸಾ ಬೇಕಿಲ್ಲ. ನಮ್ಮವು ಊರಿಂದ ತಂದ ನೀಲಿ."

"ಪೊಲೀಸ್ರು ಒಬ್ರೂ ಕಾಣವಲ್ರು. ನಿಮ್ಮ ಮಾರಿ ನೋಡಿ ಓಡಿಹೋದ್ರೇನು?"

"ಪ್ಲೀಸ್ ಅಪ್ಪಾ, ಓನ್ಲಿ ಫೈವ್ ಮಿನಿಟ್ಸ್," ಎಂದೆ ನಾನು.

"ಐದು ಮಿನಿಟಿನ್ಯಾಗ ಸ್ಟಾಂಪ್ ಹೊಡೀತಾರ. ಆಮ್ಯಾಲೆ ಆ ಗುಡ್ಡದ ಮ್ಯಾಲೇ ಕೂಡಬೇಕಾಕ್ಕೈತಿ, ಜಲ್ಮಪೂರ್ತಿ."

ಅವ್ವ ಕೆಳಗಿಳಿದು, ಕೋಚು ನಿಂತಲ್ಲೇ ಇದ್ದ ಮೋಟು ಗೋಡೆಯ ಮೇಲೆ ಡಬ್ಬಿ ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿದ ಚಪಾತಿ ಸುತ್ತಿ ಕೊಟ್ಟಳು. ಮೇಲಿನಿಂದ ಗಂಟೆ ಬಾರಿಸಿದ ಸದ್ದು ಬಂತು. ಅವಳು ತಲೆಯೆತ್ತಿ ನೋಡಿದಳು. ಮೇಲೆ ಯಾರೋ ಕೈಬೀಸಿದರು, ಅವಳೂ ಬೀಸಿದಳು. "ಮುಂದಿನ ಸಲ ಕರಕೊಂಡು ಬರ್ತೀನಿ," ಎಂದ ಅಪ್ಪ.

ಮುಂದಿನ ಸಲ ಬರಲಿಲ್ಲ. ಎರಡು ಸಾವಿರನೆಯ ಇಸವಿಯ ನಂತರ ಅವ್ವ ಕಾಯಿಲೆಬಿದ್ದಳು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಯಾವ ಮಾತಿಗೂ ಸಂಬಂಧವಿಲ್ಲದೆ, "ಆ ಗುಡ್ಡದ ಮ್ಯಾಲಿನ ಗ್ವಾಡಿ ಹಿಂದ ಏನಿದ್ದೀತು ಅಂತೀರಿ?" ಎಂದು ಕೇಳಿದಳು. ಅಪ್ಪನಿಗೆ ತಕ್ಷಣ ತಿಳಿಯಿತು. ಅವಳ ಹೊದಿಕೆಯ ಅಂಚನ್ನು ಸರಿಮಾಡಿದ.

ಅವಳು ತೀರಿಕೊಂಡ ಎರಡು ವರ್ಷಕ್ಕೆ ಅಪ್ಪನೇ ಅಲ್ಲಿಗೆ ಹೋಗೋಣ ಎಂದ. ನಮ್ಮವೂ ಆಗ ಕೆಂಪು ಪಾಸ್‌ಪೋರ್ಟುಗಳೇ. ಬಾಡಿಗೆ ಕಾರಿನಲ್ಲಿ ಹೊರಟೆವು. ಬೆಟ್ಟದ ಬುಡದಲ್ಲೇ, ರಸ್ತೆಗೆ ಅಡ್ಡಲಾಗಿ ಎತ್ತರದಲ್ಲಿ, ಆ ದೇಶಕ್ಕೆ ಸ್ವಾಗತ ಎಂಬ ಬೋರ್ಡು ಇತ್ತು. ಗೇಟಿಲ್ಲ, ಕೇಳುವವರಿಲ್ಲ. ಅಲ್ಲಿಂದ ತಿರುವು ತಿರುವಾಗಿ ಎಷ್ಟೋ ಹೊತ್ತು ಹತ್ತಿದ ಮೇಲೆ ಆ ಹಳೆಯ ಜಾಗ ಬಂತು: ಸಾಲಾಗಿ ನಿಂತ ಕೋಚುಗಳು, ಮೋಟು ಗೋಡೆ.

ಅಪ್ಪ ಇಳಿದು, ಬಂದ ದಾರಿಯನ್ನು ನೋಡುತ್ತ ನಿಂತ.

"ಬೋರ್ಡ್ ಅಲ್ಲೇ ಕೆಳಗ ಹೋತಲ್ಲ?"

"ಹೂಂ ಅಪ್ಪಾ."

"ಹಂಗಾರ ಅವತ್ತ ನಾವು ಆ ದೇಶದೊಳಗ ಕುಂತಿದ್ವಿ."

ಅವನು ನಿಧಾನವಾಗಿ ಹೋಗಿ ಆ ಗೋಡೆಯ ಮೇಲೆ ಕೂತ. "ಆಕಿನ್ನ ಯಾರೂ ತಡದಿದ್ದಿಲ್ಲ," ಎಂದ. "ನಾನ ತಡದೆ."

ಮೇಲೆ ಹತ್ತೋಣ ಬಾ ಎಂದು ಕೈಹಿಡಿದೆ. ಅವನು ಏಳಲಿಲ್ಲ.

"ನೀ ಹೋಗಿ ಬಾರವಾ. ನಾನೂ ಹೋದ್ರ ಇಲ್ಲಿ ಆಕಿ ಒಬ್ಬಾಕೇ ಆಗ್ತಾಳ."

ನಾನು ಹತ್ತಿದೆ. ಓಣಿಗಳಲ್ಲಿ ಏನು ಕಂಡೆನೋ ನೆನಪಿಲ್ಲ. ಮೇಲಿನಿಂದ ಬಗ್ಗಿ ನೋಡಿದಾಗ ಅಪ್ಪ ಗೋಡೆಯ ಒಂದು ತುದಿಗೆ ಸರಿದು ಕೂತು, ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಿದ್ದ.