ಕಂಬದಿಂದ ಎರಡನೇ ಹಗ್ಗ

ಕಳೆದ ವಾರ ಚಾಮರಾಜಪೇಟೆಯ ಬ್ಯಾನರ್ ಅಂಗಡಿಯೊಂದರ ಮುಂದೆ ಹೋಗುವಾಗ ನೈಲಾನ್ ಬಟ್ಟೆ ಸುಟ್ಟ ವಾಸನೆ ಬಂತು. ಎಳೆ ಬಿಚ್ಚದಿರಲೆಂದು ಕಾದ ಕಬ್ಬಿಣದಲ್ಲಿ ಅಂಚು ಕತ್ತರಿಸುತ್ತಿದ್ದರು. ಅದು ನಮ್ಮ ಟೈಲರ್ ಮಾಸ್ಟರ್ ಅಂಗಡಿಯ ವಾಸನೆ…

ಅದೇ ಪೇಟೆಯ ಹಿಂದಿನ ಓಣಿಯೊಂದರಲ್ಲಿ ಅವರು ಟಾರ್ಪಾಲು, ಶಾಮಿಯಾನ ಹೊಲಿಯುತ್ತಿದ್ದರು. ಊರಾಚೆಯ ಜಲಾಶಯದಲ್ಲಿ ರೇಸ್ ಓಡಿಸುವ ನಮ್ಮಂಥ ಹತ್ತಾರು ಹುಚ್ಚರಿಗೆ ಹಾಯಿ ಹೊಲಿದುಕೊಡುತ್ತಿದ್ದವರೂ ಅವರೇ. ನನ್ನದು ಕ್ಯಾಟಮರಾನ್, ಎರಡು ಒಡಲಿನ ಹಗುರ ದೋಣಿ. ಗಾಳಿ ಬೆನ್ನ ಹಿಂದಿದ್ದಾಗ ಮುಂದೆ ಬಿಚ್ಚುವ ದೊಡ್ಡ ಹಾಯಿಗೆ ಸ್ಪಿನೇಕರ್ ಎನ್ನುತ್ತಾರೆ. ಅದನ್ನು ಕೊಡುವ ಮೊದಲು ಮಾಸ್ಟರ್ ಅವರದೊಂದು ಪರೀಕ್ಷೆ ಇರುತ್ತಿತ್ತು. ದೋಣಿಯನ್ನು ದಡದಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು, ಹಾಯಿಕಂಬದ ಪಕ್ಕದ ಹಗ್ಗಗಳನ್ನು ತಡವಿ ಎಣಿಸಿ ಹಾಯಿ ಇಳಿಸಬೇಕು.

"ಕಂಬದಿಂದ ಎರಡನೇ ಹಗ್ಗ. ಎಳೆದ್ರೆ ಇಳೀಬೇಕು, ಅಷ್ಟೆ. ನೀರು ಮುಖಕ್ಕೆ ಹೊಡೀತಿರುವಾಗ ಹುಡುಕ್ತಾ ಕೂರೋಕಾಗಲ್ಲ," ಎನ್ನುತ್ತಿದ್ದರು.

ನನಗೆ ಬುದ್ಧಿ ಸ್ವಲ್ಪ ಹೆಚ್ಚು. ಯಾವುದೋ ವಿಡಿಯೊ ನೋಡಿ, ಹಾಯಿಯ ಮೂಲೆಯನ್ನು ಓಟದ ನಡುವೆಯೇ ಬಿಗಿ ಮಾಡಲು ಇನ್ನೊಂದು ಹಗ್ಗ, ಎರಡು ರಾಟೆ ಸೇರಿಸಿದೆ. ಮಾಸ್ಟರ್ ನೋಡಿ ಮುಖ ಗಂಟಿಕ್ಕಿದರು. "ತೆಗೆದ್ಬಿಡಿ ಸಾರ್. ಹಗ್ಗ ಜಾಸ್ತಿ ಆದ್ರೆ ಕೈ ತಪ್ಪುತ್ತೆ." ತೆಗೆದೆ. ರೇಸಿನ ಹಿಂದಿನ ದಿನ ಮತ್ತೆ ಕಟ್ಟಿದೆ, ಮೊದಲನೇ ಹಗ್ಗದ ಪಕ್ಕದಲ್ಲೇ. ಹಾಗಾಗಿ ಅವರ ಎರಡನೇ ಹಗ್ಗ ಮೂರನೆಯದಾಯಿತು.

ಮರುದಿನ ನನ್ನ ಜೊತೆಗಾರನಿಗೆ ಜ್ವರ. ರೇಸ್ ನೋಡಲು ಬಂದಿದ್ದ ಮಾಸ್ಟರ್, "ನಾನ್ ಬರ್ತೀನಿ ಬಿಡಿ," ಎಂದರು. ಹಗ್ಗದ ವಿಷಯ ಆಗಲೇ ಹೇಳಬೇಕಿತ್ತು. ಬೈದಾರೆಂಬ ಅಳುಕು. ನೀರಿಗಿಳಿದ ಮೇಲೆ ಹೇಳೋಣ ಎಂದುಕೊಂಡೆ, ಅಷ್ಟರಲ್ಲಿ ರೇಸ್ ಶುರುವಿನ ಹಾರ್ನ್ ಆಯಿತು.

ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದರೆ ನೀರು ಕಪ್ಪಗಾಗುತ್ತ ನಮ್ಮತ್ತಲೇ ಬರುತ್ತಿತ್ತು. ಅದು ಜೋರು ಗಾಳಿ. "ಇಳಿಸಿ" ಎಂದು ಕೂಗಿದೆ. ಅವರು ಕಣ್ಣು ಮುಚ್ಚಿ, ಕಂಬದಿಂದ ಒಂದು, ಎರಡು ಎಂದು ತಡವಿ ಬಲವಾಗಿ ಎಳೆದರು. ಹಾಯಿ ಇಳಿಯುವ ಬದಲು ಇನ್ನಷ್ಟು ಬಿಗಿಯಾಯಿತು. ದೋಣಿಯ ಮೂತಿ ನೀರೊಳಗೆ ಹೋಗಿ ಮಗುಚಿತು. ಅವರ ಬಲಗೈ ರಾಟೆಯಲ್ಲಿ ಸಿಕ್ಕಿಕೊಂಡಿತ್ತು.

ಹೆಬ್ಬೆರಳು, ತೋರುಬೆರಳು ಹೋದವು. ಹೊಲಿಗೆ ಅಲ್ಲಿಗೆ ನಿಂತಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ಲೆಕ್ಕ ತಪ್ಪಿಬಿಟ್ಟೆ ಸಾರ್… ವಯಸ್ಸಾಯ್ತು," ಎಂದರು. ಅಷ್ಟರಲ್ಲಿ ನಾನು ಆ ಹಗ್ಗವನ್ನು ಕತ್ತರಿಸಿ ಬಿಸಾಡಿ ಬಂದಿದ್ದೆ. ಹೌದೆಂಬಂತೆ ತಲೆಯಾಡಿಸಿದೆ. ಆಮೇಲೆ ಆ ಓಣಿಯ ಕಡೆ ಹೋಗಲೇ ಇಲ್ಲ.

ಮೊನ್ನೆ ಹೋದೆ. ಮಾಸ್ಟರ್ ತೀರಿಕೊಂಡು ಎರಡು ವರ್ಷವಾಯಿತಂತೆ. ಅವರ ಹೆಂಡತಿ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು.

"ಬೆರಳು ಹೋಗಿದ್ದಕ್ಕಲ್ಲ ಅವ್ರು ಕೊರಗಿದ್ದು," ಎಂದರು. "ನನ್ನ ತಲೇನೇ ನಂಬೋ ಹಾಗಿಲ್ಲ ಅಂತ ರಸ್ತೆ ದಾಟೋದೇ ಬಿಟ್ಬಿಟ್ರು. ಬೀಗ ಹಾಕಿದೀನಾ ಅಂತ ಹತ್ತು ಸಲ ಕೇಳೋರು. ಎರಡರ ತನಕ ಎಣಿಸೋದು ಅವ್ರಿಗೆ ಹೇಗೆ ತಪ್ತು ಸಾರ್?"

ಆಗ ಹೇಳಿದೆ. ಹಗ್ಗ ಮತ್ತೆ ಕಟ್ಟಿದ್ದು, ಕತ್ತರಿಸಿದ್ದು, ಎಲ್ಲ.

"ಅವ್ರಿಗೆ ಹೇಳ್ಬೇಕಿತ್ತು," ಎಂದರು.