ನಾಲ್ಕು ಪಾಳಿಯ ಬಾವಿ

ಬೆಳಗಿನ ಮೊದಲ ಬಸ್ಸಿಗೆ ವಿಜಾಪುರದಿಂದ ಟಿಕೋಟಾಕ್ಕೆ ಹೊರಟೆ. ಹನ್ನೆರಡು ಮೈಲು, ಟಿಕೀಟು ಹತ್ತಾಣೆ. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಎಲ್ಲರ ಬಾಯಲ್ಲಿ ಇನ್ನೂ ಆಣೆಯೇ ಇತ್ತು. ಗಾಂಧಿ ಚೌಕದ ಅಂಗಡಿಯೊಂದರ ಪರವಾಗಿ ಆಯಿಲ್ ಎಂಜಿನ್ ಮಾರುವುದು ನನ್ನ ಕೆಲಸ. ಹೆಚ್ಚು ನೀರು, ಹೆಚ್ಚು ಬೆಳೆ, ಹೆಚ್ಚು ಸುಖ ಎಂದು ಊರೂರಿಗೆ ಹೇಳಿ ಹೇಳಿ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಟಿಕೋಟಾದಲ್ಲಿ ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು ಬಿಜ್ಜರಗಿಯ ದಾರಿ ಹಿಡಿದೆ. ಓಡಿಸಿ ತೋರಿಸಲೆಂದು ಎಂಜಿನ್ ಹಿಂದಿನ ದಿನವೇ ಚಕ್ಕಡಿಯಲ್ಲಿ ಅಲ್ಲಿಯ ಗಿರಾಕಿ ಮಲ್ಲಪ್ಪನ ಹೊಲ ಸೇರಿತ್ತು. ಅಲ್ಲಿ ಎತ್ತುಗಳಿಂದ ತೊಗಲಿನ ಚೀಲದಂಥ ಮಟ್ಟಿ ಎಳೆಸಿ ನೀರೆತ್ತುತ್ತಿದ್ದರು. ನಾನು ಎಂಜಿನ್ ಚಾಲೂ ಮಾಡಿದೆ. ನೀರು ತೊಡೆ ಗಾತ್ರ ಸುರಿಯಿತು. ಒಂದೂವರೆ ತಾಸಿನಲ್ಲಿ ಬಾವಿಯ ತಳದ ಕಲ್ಲು ಕಂಡಿತು. ಗೆದ್ದೆನೆಂದು ಮೀಸೆ ತಿರುವಿದೆ.

ಮಧ್ಯಾಹ್ನ ಪಕ್ಕದ ಹೊಲದ ಗೌರವ್ವ ಎತ್ತು ಹೊಡೆದುಕೊಂಡು ಬಂದು ಬಾವಿಗೆ ಇಣುಕಿದಳು. ಅದು ನಾಲ್ಕು ಮನೆಗಳ ಬಾವಿ. ಮಲ್ಲಪ್ಪನ ಪಾಳಿ ಮುಗಿದ ಮೇಲೆ ಅವಳದು. ಅದನ್ನು ನಾನು ಕೇಳಿಯೇ ಇರಲಿಲ್ಲ.

"ಮುಂಜಾನಿ ಬದ್ನಿ ಸಸಿ ಹಚ್ಚೇನ್ರಿ. ಇವತ್ತ ನೀರ ಬೀಳ್ಲಿಲ್ಲಂದ್ರ ಹೋದ್ವು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು.

ಸೆಲೆ ಜಿನುಗುವುದನ್ನೇ ಕಾಯುತ್ತ ಕುಳಿತೆವು. ನಾಲ್ಕು ಗಂಟೆಗೆ ಮೊಣಕಾಲುದ್ದ ನೀರು ಸೇರಿತ್ತು. ಮಟ್ಟಿ ಮುಳುಗಲು ಅದು ಸಾಲದಾಗಿತ್ತು.

"ಒಂದ ಸಸಿಗೆ ಒಂದ ಚರಿಗಿ ಸಾಕ್ರಿ. ಹೊತ್ತ ಹಾಕೂಣು," ಎಂದಳು ಗೌರವ್ವ.

ನಾಲ್ಕೂ ಮನೆಯವರು ಕೊಡ ತಂದರು. ನಾನೂ ಹೊತ್ತೆ, ಎರಡು ಸಲ ಜಾರಿ ಬಿದ್ದು ನಗೆಗೀಡಾದೆ. ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಸಾಲಿಗೂ ನೀರು ಮುಟ್ಟಿತು.

ರಾತ್ರಿ ಮಲ್ಲಪ್ಪನ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಓಡಿಹೋಗಿ ನೋಡಿದೆ. ಸಸಿಗಳು ತಲೆಯೆತ್ತಿ ನಿಂತಿದ್ದವು. ಸ್ವಂತ ಮಕ್ಕಳ ಜ್ವರ ಇಳಿದಷ್ಟು ಸಂತೋಷವಾಯಿತು.

"ನಿಮ್ಮ ಮಷೀನು ಚಲೋ ಐತ್ರಿ. ನಮ್ಮ ಬಾವಿಗೆ ಹೆಚ್ಚಾತು," ಎಂದ ಮಲ್ಲಪ್ಪ.

"ಬೆಳಿ ಹೆಚ್ಚಾಗೂದು ಬ್ಯಾಡೇನ್ರಿ?"

"ಬೇಕ್ರಿ. ಆದ್ರ ಗೌರವ್ವನ ಬದ್ನಿಕಾಯಿ ಇಲ್ದ ನನಗ ರೊಟ್ಟಿ ಹೆಂಗ ಇಳೀಬೇಕು?"

ಎಂಜಿನ್ ಮತ್ತೆ ಚಕ್ಕಡಿ ಏರಿತು. ಬಬಲೇಶ್ವರದಲ್ಲಿ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ. ಇಡೀ ದಿನ ಧೂಳು ಕುಡಿದು ಅಲ್ಲಿ ತಲುಪಿದಾಗ ಆತ ಕೇಳಿದ, "ಎಷ್ಟ ಹೊತ್ತಿನಾಗ ಬಾವಿ ಖಾಲಿ ಮಾಡ್ತದ್ರಿ ಇದು?"

"ಮೊದ್ಲ ಹೇಳ್ರಿ, ಬಾವ್ಯಾಗ ಎಷ್ಟ ಮಂದಿ ಪಾಲು?"

"ಮೂರು."

"ಹಂಗಾದ್ರ ಮೂವರೂ ಬರ್ರಿ."

ಮರುದಿನ ಮೂವರೂ ಬಾವಿಕಟ್ಟೆಯ ಮೇಲೆ ಕೂತು ವಾದಿಸಿದರು, ಮುನಿಸಿಕೊಂಡರು, ಎಲೆಅಡಿಕೆ ಹಾಕಿಕೊಂಡರು. ಕೊನೆಗೆ ಮೂವರೂ ಕೂಡಿ ಎಂಜಿನ್ ಕೊಳ್ಳುವುದೆಂದಾಯಿತು. ಒಬ್ಬರ ಪಾಳಿಗೆ ಅರ್ಧ ತಾಸು, ಆಮೇಲೆ ಸೆಲೆ ತುಂಬುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಸಂಜೆಯ ಬಸ್ಸಿನಲ್ಲಿ ಮರಳುವಾಗ ದೂರದಿಂದಲೇ ಗೋಳಗುಮ್ಮಟ ಕಂಡಿತು. ಅಂಗಡಿಯಲ್ಲಿ ನಾನು ಕೊಟ್ಟ ಲೆಕ್ಕ ಕೇಳಿ ಸಾವುಕಾರರು ಹುಬ್ಬು ಗಂಟಿಕ್ಕಿದರು.

"ಏನಪಾ, ಮೂರು ಮನಿಗೆ ಒಂದ ಎಂಜಿನ್ ಕೊಟ್ಟ ಬಂದೀಯಾ?"

"ಬಾವಿ ಒಂದ ಐತ್ರಿ," ಎಂದೆ.